ಹೋಗುವಾಗ ನೆಟ್ಟಗೆ, ಬರುವಾಗ ಸೊಟ್ಟಗೆ

ಜೀಪು ರಿಪೇರಿ ಕಲಿಯಲು ಹೊರಟ ಹುಡುಗರು ನನ್ನನ್ನು ಮೊದಲು ಕೇಳುವುದು ಯಾವ ಸ್ಪ್ಯಾನರ್ ಸೆಟ್ ಕೊಳ್ಳಬೇಕು ಅಂತ. ನಾನು ರಂಗೋಲಿ ಪುಡಿ ಕೊಂಡುಕೊಳ್ಳಿ ಅನ್ನುತ್ತೇನೆ. ಅವರು ಮುಖ ಮುಖ ನೋಡಿಕೊಂಡು, ಮುದುಕನಿಗೆ ಅರಳುಮರಳು ಅಂದುಕೊಂಡು, ಕೊಟ್ಟ ಟೀ ಕುಡಿದು ಎದ್ದು ಹೋಗುತ್ತಾರೆ. ಹೋದವರು ಹೋಗಲಿ. ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಅನ್ವರ್. ತಿಪಟೂರಿನ ಕೊಬ್ಬರಿ ಮಂಡಿಯ ಹಿಂದೆ ನನ್ನ ಷೆಡ್ಡು. ನನ್ನ ಎರಡೂ ಮಂಡಿ ಕೈಕೊಡುವ ತನಕ ಅಲ್ಲೇ ಜೀಪು ಬಿಚ್ಚುತ್ತಿದ್ದೆ, ಜೋಡಿಸುತ್ತಿದ್ದೆ. ಈಗ ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಹೆಂಡತಿ ಜುಬೇದಾ ಮೆಣಸಿನಕಾಯಿ ಒಣಹಾಕುತ್ತಾಳೆ. ಎಂಜಿನ್, ಗೇರು, ಬ್ರೇಕು ಎಲ್ಲಾ ನೋಡಿದವನೇ ನಾನು. ಆದರೆ ನನಗೆ ಹುಚ್ಚು ಹಿಡಿಸಿದ್ದು ಸ್ಟೇರಿಂಗು. ಎಂಜಿನ್ ಕೆಟ್ಟರೆ ಗಾಡಿ ನಿಂತುಬಿಡುತ್ತದೆ, ಅದರಲ್ಲೇನು ಮಜಾ ಇದೆ? ಸ್ಟೇರಿಂಗ್ ಕೆಟ್ಟರೆ ಗಾಡಿ ಓಡುತ್ತಲೇ ಇರುತ್ತದೆ, ಓಡಿಸುವವರ ಮಾನ ಮಾತ್ರ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗುತ್ತದೆ.

ನನಗೆ ಕೆಲಸ ಕಲಿಸಿದವರು ಖಲೀಲ್ ಉಸ್ತಾದ್. ಗಡ್ಡಕ್ಕೆಲ್ಲ ಗ್ರೀಸು, ಬಾಯಿಗೆ ಬೀಗವಿಲ್ಲ. ಸೇರಿದ ಹೊಸದರಲ್ಲಿ ಅವರು ನನ್ನ ಕೈಗೆ ಒಂದು ನಟ್ಟನ್ನೂ ಕೊಡಲಿಲ್ಲ. ಗಿರಾಕಿ ಬಂದಾಗ ಪಕ್ಕದಲ್ಲಿ ನಿಂತುಕೊಂಡು ಅವನ ಮಾತು ಕೇಳಿಸಿಕೊಳ್ಳಬೇಕು, ಅಷ್ಟೇ ನನ್ನ ಕೆಲಸ. "ಲೇ ಅನ್ವರ್, ಅವ್ನು ಎಳೀತದೆ ಅಂದ್ನೋ, ಅಲೀತದೆ ಅಂದ್ನೋ, ನಡುಗ್ತದೆ ಅಂದ್ನೋ? ಸರ್ಯಾಗಿ ಕೇಳಿಸ್ಕೊ ಕಣ್ಲಾ. ಮೂರೂ ಬೇರೆ ಬೇರೆ ಕಾಯಿಲೆ," ಅನ್ನುತ್ತಿದ್ದರು. ಎಳೆಯುವುದು ಅಂದರೆ ಗಾಡಿ ಒಂದೇ ಪಕ್ಕಕ್ಕೆ ಹೋಗುವುದು: ಗಾಳಿ ಕಮ್ಮಿಯಾದ ಟೈರು ನೋಡು, ಹಿಡಿದುಕೊಂಡ ಬ್ರೇಕು ನೋಡು. ನಡುಗುವುದು ಅಂದರೆ ಸ್ಟೇರಿಂಗ್ ಕೈಯಲ್ಲಿ ಜ್ವರ ಬಂದ ಹಾಗೆ ಕುಣಿಯುವುದು: ಕಿಂಗ್ ಪಿನ್ ನೋಡು, ಬೇರಿಂಗ್ ನೋಡು. ಅಲೆಯುವುದು ಅಂದರೆ ಆ ಕಡೆಗೂ ಹೋಗುತ್ತದೆ, ಈ ಕಡೆಗೂ ಹೋಗುತ್ತದೆ, ನೆಟ್ಟಗೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಏನು ನೋಡಬೇಕು ಅಂದರೆ, ಎಲ್ಲವನ್ನೂ ನೋಡಬೇಕು.

ಇಷ್ಟು ಕಲಿತ ಸಂಭ್ರಮದಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದೆ. ಉಸ್ತಾದರು ನಮಾಜಿಗೆ ಹೋಗಿದ್ದಾಗ ಮಾಯಸಂದ್ರದ ಕಡೆಯ ಒಬ್ಬ ಗೌಡರು ಜೀಪು ತಂದು ನಿಲ್ಲಿಸಿದರು. "ಹೆಂಗೈತೆ ಗೌಡ್ರೇ ಗಾಡಿ?" ಅಂದೆ. "ಎಳೀತದೆ ಕಣಪ್ಪ," ಅಂದವರೇ ಟೀ ಕುಡಿಯಲು ಹೋದರು. ನಾನು ಜಾಕ್ ಏರಿಸಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಡ್ರಮ್ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದೆ. ಗೌಡರು ವಾಪಸ್ ಬಂದು ತಮ್ಮ ಜೀಪು ಮಂಡಿಯೂರಿ ಕೂತಿರುವುದನ್ನು ನೋಡಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅವರು ಬಂದಿದ್ದು ಆಯಿಲ್ ಬದಲಾಯಿಸಲು. ಎಳೀತದೆ ಅಂದಿದ್ದು, ಏರು ಹತ್ತುವಾಗ ಎಂಜಿನ್ ಎತ್ತಿನ ಹಾಗೆ ಎಳೆಯುತ್ತದೆ ಅಂತ ಹೊಗಳಿಕೆಗೆ. ಉಸ್ತಾದರು ಬಂದು ವಿಷಯ ಕೇಳಿ ನಗಲು ಶುರು ಮಾಡಿದವರು ಸಂಜೆ ಅಂಗಡಿ ಮುಚ್ಚುವಾಗಲೂ ನಗುತ್ತಿದ್ದರು. ಅವತ್ತಿನಿಂದ ನಾನು ಗಿರಾಕಿ ಹೇಳಿದ ಮಾತಿಗೆ "ಅಂದ್ರೆ?" ಅನ್ನದೆ ಜಾಕಿಗೆ ಕೈ ಹಾಕಿದವನಲ್ಲ.

ರಂಗೋಲಿ ಪುಡಿಯ ಕತೆ ಇನ್ನೂ ಆಮೇಲಿನದು, ನಾನು ಸ್ವಂತ ಷೆಡ್ಡು ಹಾಕಿದ ಮೇಲಿನದು. ಮನೆಗೆ ಸುಣ್ಣ ಬಳಿಸಲು ಒಂದು ಮೂಟೆ ಸುಣ್ಣದ ಪುಡಿಯನ್ನು ಹಳೇ ಜೀಪಿನ ಹಿಂದೆ ಹಾಕಿಕೊಂಡು ಬಂದೆ. ಮೂಟೆ ತೂತಾಗಿತ್ತು. ಮನೆ ತಲುಪಿದಾಗ ಅರ್ಧ ಸುಣ್ಣ ರಸ್ತೆಯಲ್ಲಿತ್ತು. ಜುಬೇದಾ ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು, ನಾನು ರಸ್ತೆ ನೋಡಿಕೊಂಡು ಹಲ್ಲು ಕಿಸಿಯುತ್ತಿದ್ದೆ. ಬಿಳಿ ಗೆರೆ ನನ್ನ ಜೀಪಿನ ನಡಿಗೆಯನ್ನು ಬರೆದಿಟ್ಟುಬಿಟ್ಟಿತ್ತು. ಎಲ್ಲಿ ಬಲಕ್ಕೆ ಸರಿಯಿತು, ಎಲ್ಲಿ ನಾನು ಎಳೆದು ತಂದೆ, ಎಲ್ಲಿ ಮತ್ತೆ ಸರಿಯಿತು, ಎಲ್ಲಾ ನೆಲದ ಮೇಲಿತ್ತು. ಮಾರನೇ ದಿನವೇ ಒಂದು ಹಳೇ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದೆ. ಸುಣ್ಣ ಕಣ್ಣಿಗೆ ಬಿದ್ದರೆ ಕಷ್ಟ ಅಂತ ರಂಗೋಲಿ ಪುಡಿ ತುಂಬಿಸಿದೆ. ಡಬ್ಬವನ್ನು ಜೀಪಿನ ಬಾಲಕ್ಕೆ ಕಟ್ಟಿ ಓಡಿಸಿದರೆ ಗಾಡಿ ತನ್ನ ಜಾತಕವನ್ನು ತಾನೇ ಬರೆಯುತ್ತದೆ. ಸಂತೆಯಲ್ಲಿ ರಂಗೋಲಿ ಮಾರುವ ಅಜ್ಜಿ, "ಏನ್ ಸಾಬ್ರೇ, ವಾರವಾರವೂ ಸೇರುಗಟ್ಲೆ ತಗಂಡೋಯ್ತೀರಿ, ನಿಮ್ಮನೇಲಿ ಅಷ್ಟು ದೊಡ್ಡ ಬಾಗ್ಲೈತಾ?" ಅನ್ನುತ್ತಿದ್ದಳು. ಅವಳಿಗೆ ನಾನು ಸತ್ಯ ಹೇಳಲೇ ಇಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ.

ಈಗ ಅಲೈನ್‌ಮೆಂಟ್ ಮಾಡಲು ಕಂಪ್ಯೂಟರ್ ಬಂದಿದೆ, ಗಾಡಿಯನ್ನು ಕಟ್ಟೆ ಹತ್ತಿಸಿ ಚಕ್ರದ ಓರೆ ಅಳೆಯುತ್ತಾರೆ. ಒಳ್ಳೆಯದೇ, ಕಾರುಗಳಿಗೆ ಅದೇ ಬೇಕು. ಆದರೆ ನಮ್ಮ ಕಡೆ ತೋಟದ ದಾರಿಯಲ್ಲಿ ಬೆಳೆದ ಹಳೇ ಜೀಪುಗಳು ಆ ಕಟ್ಟೆ ಹತ್ತುವುದು ಅಪರೂಪ. ಅವುಗಳಿಗೆ ಈಚೆಗೆ ಹೊಸ ಕಾಯಿಲೆ ಬೇರೆ ಅಂಟಿದೆ, ಎತ್ತರ ಮಾಡಿಸುವ ಕಾಯಿಲೆ. ಮೊಬೈಲಿನಲ್ಲಿ ಯಾವುದೋ ಬೆಟ್ಟ ಹತ್ತುವ ಜೀಪು ನೋಡುತ್ತಾರೆ, ಪಟ್ಟಾ ಸ್ಪ್ರಿಂಗಿನ ತುದಿಯನ್ನು ಗಾಡಿಗೆ ಜೋಡಿಸುವ ಷೆಕಲ್ ಕೊಂಡಿಯನ್ನು ಉದ್ದನೆಯದು ಹಾಕಿಸಿ, ದೊಡ್ಡ ಟೈರು ಏರಿಸಿ, ನಾಲ್ಕಾರು ಇಂಚು ಎತ್ತರಿಸಿಕೊಂಡು ಬರುತ್ತಾರೆ. ಚಡ್ಡಿ ಹಾಕುತ್ತಿದ್ದ ಜೀಪಿಗೆ ಪ್ಯಾಂಟು ತೊಡಿಸಿದ ಹಾಗೆ ಕಾಣುತ್ತದೆ. ಆಮೇಲೆ ಶುರುವಾಗುತ್ತದೆ ಅಲೆದಾಟ. ನಾನು ಕೆಲಸ ಬಿಡುವ ಮುಂಚೆ ನೋಡಿದ ಕೊನೆಯ ದೊಡ್ಡ ಕೇಸು ಅಂಥದ್ದೇ.

ದಂಡಿನಶಿವರದ ಪಕ್ಕದ ಒಂದು ಹಳ್ಳಿ. ಚಂದ್ರಮ್ಮ ಅಂತ, ತೆಂಗಿನ ತೋಟದ ಮನೆಯವರು, ವಯಸ್ಸು ಐವತ್ತು ದಾಟಿದೆ. ಯಜಮಾನರ ಕಣ್ಣು ಮಂಜಾಗಿ ಅವರು ಸ್ಟೇರಿಂಗ್ ಬಿಟ್ಟ ಮೇಲೆ ಈಕೆ ಹಿಡಿದರು. ತೋಟಕ್ಕೆ, ಆಸ್ಪತ್ರೆಗೆ, ತುರುವೇಕೆರೆಯ ಬ್ಯಾಂಕಿಗೆ, ನೆಂಟರ ಮನೆಗೆ, ಎಲ್ಲಾ ಕಡೆಗೂ ಅದೇ ಜೀಪು, ಅದೇ ಚಂದ್ರಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರ್ನ್ ಹೊಡೆಯದೆ, "ಏಯ್ ಸರಿಯಪ್ಪಾ" ಅಂತ ಬಾಯಲ್ಲೇ ಕೂಗಿಕೊಂಡು ಹೋಗುತ್ತಿದ್ದರು. ಅವರ ಮೈದುನ ರೇವಣ್ಣ, ಒಳ್ಳೆಯ ಆಳು, ದುಡಿಮೆಗಾರ, ಆದರೆ ಮೊಬೈಲ್ ನೋಡುತ್ತಾನೆ. ಹಳ್ಳ ದಾಟಲು ಸಲೀಸಾಗಲಿ ಅಂತ ಜೀಪನ್ನು ಎತ್ತರ ಮಾಡಿಸಿಕೊಂಡು ಬಂದ. ಆವತ್ತಿನಿಂದ ಚಂದ್ರಮ್ಮನ ಕೈಯಲ್ಲಿ ಜೀಪು ಅಲೆಯಲು ಶುರುವಾಯಿತು. ರೇವಣ್ಣನ ಕೈಯಲ್ಲಿ ಮಾತ್ರ ಎಂದಿನ ಹಾಗೆ ನೆಟ್ಟಗೆ ಹೋಗುತ್ತಿತ್ತು.

ಇದರಿಂದ ಊರು ಏನು ತೀರ್ಮಾನ ಮಾಡಿತು ಅಂತ ನೀವೇ ಊಹಿಸಬಹುದು. ಚಂದ್ರಮ್ಮನಿಗೆ ವಯಸ್ಸಾಯಿತು, ಕೈ ನಡುಗುತ್ತದೆ, ಯಜಮಾನರ ಹಾಗೆ ಇವರ ಕಣ್ಣೂ ಮಂಜಾಯಿತು. ಒಂದು ದಿನ ಜೀಪು ಪಕ್ಕದ ಮನೆಯವರ ಹುಲ್ಲಿನ ಬಣವೆಗೆ ಮೂತಿ ಇಟ್ಟ ಮೇಲೆ ರೇವಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟ. ಜೀಪು ಮಾರಿ ಒಂದು ಚಿಕ್ಕ ಲಗೇಜ್ ಗಾಡಿ ತರುತ್ತಾನೆ, ತಾನೇ ಓಡಿಸುತ್ತಾನೆ, ಅತ್ತಿಗೆ ಇನ್ನು ಬಸ್ಸಿನಲ್ಲಿ ಓಡಾಡಲಿ. ಶುಕ್ರವಾರ ಚಿಕ್ಕನಾಯಕನಹಳ್ಳಿಯಿಂದ ಒಬ್ಬರು ಗಾಡಿ ನೋಡಲು ಬರುತ್ತಾರೆ ಅಂತಲೂ ಗೊತ್ತಾಗಿತ್ತು.

ಆ ವಾರದ ಮೊದಲಲ್ಲೇ ಇಬ್ಬರೂ ನನ್ನ ಷೆಡ್ಡಿಗೆ ಬಂದರು. ಮಂಡಿಗೆ ಕಾಯಿ ತುಂಬಿಕೊಂಡು ಹೊರಟಿದ್ದ ರೇವಣ್ಣ, ಅತ್ತಿಗೆಯ ಬಲವಂತಕ್ಕೆ ನಿಲ್ಲಿಸಿದ್ದ. ಚಂದ್ರಮ್ಮ ಇಳಿದು ಬಂದು, "ಸಾಬ್ರೇ, ತಪ್ಪು ಗಾಡೀದೋ ನನ್ ಕೈದೋ, ನೀವೊಂದ್ ಮಾತು ಹೇಳ್ಬುಡಿ. ನನ್ ಕೈದೇ ಅಂದ್ರೆ ಕೀ ಕೊಟ್ಟು ಮನೇಲ್ ಕೂತ್ಕತೀನಿ," ಅಂದರು.

"ಅಂದ್ರೆ? ಎಳೀತದೋ, ಅಲೀತದೋ?" ಅಂದೆ.

"ಅಲೀತದೆ ಕಣಣ್ಣ. ಮೇಯಕ್ ಬುಟ್ಟ ಕರು ಹೋದಂಗೆ ಹೋಯ್ತದೆ."

ರೇವಣ್ಣ ಗಡಿಯಾರ ನೋಡುತ್ತಾ, "ಬೇಗ ನೋಡಣ್ಣ, ಮಂಡೀಲಿ ಕಾಯ್ತಾವ್ರೆ," ಅಂದ. ನಾನು ನೋಡಿದೆ. ಟೈರಿನ ಗಾಳಿ ಸರಿಯಾಗಿತ್ತು. ರೇವಣ್ಣನನ್ನು ಸ್ಟೇರಿಂಗ್ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಲು ಹೇಳಿ ಕೆಳಗೆ ಮಲಗಿ ಒಂದೊಂದೇ ಕೀಲಿಗೆ ಬೆರಳಿಟ್ಟೆ. ಬಾಲ್ ಜಾಯಿಂಟು ಗಟ್ಟಿ, ಬುಷ್ಷು ಹೊಸದು, ಸ್ಟೇರಿಂಗ್ ಬಾಕ್ಸಿನಲ್ಲಿ ಆಟ ಇಲ್ಲ. ಬಿದಿರಿನ ಗಳ ಇಟ್ಟು ಎರಡು ಚಕ್ರದ ನಡುವಿನ ಅಂತರ ಅಳೆದೆ, ಅದೂ ಸರಿ. ಕೊನೆಗೆ ನಾನೇ ಕೂತು ಮಂಡಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದೆ. ಆ ಜೀಪು ಮದುಮಗನ ಹಾಗೆ ಗಂಭೀರವಾಗಿ, ಕೊಂಚವೂ ಅತ್ತಿತ್ತ ನೋಡದೆ ಹೋಯಿತು. ಕೈ ಬಿಟ್ಟೆ, ಆಗಲೂ ಹೋಯಿತು. ವಾಪಸ್ ಬಂದು, "ಗಾಡೀಲಿ ಏನೂ ಕಾಣಿಸ್ತಿಲ್ಲ ಕಣಮ್ಮ," ಅಂದೆ.

ಚಂದ್ರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೆಗಲ ಮೇಲೆ ಹಾಕಿಕೊಂಡರು. ಅದನ್ನು ನೋಡಿ ನಾನು ದುಡ್ಡು ಬೇಡ ಅಂದೆ. ರೇವಣ್ಣನಿಗೂ ಗೆದ್ದ ಖುಷಿಯೇನೂ ಇರಲಿಲ್ಲ, ತಲೆ ತಗ್ಗಿಸಿ ಗಾಡಿ ಹತ್ತಿದ.

ಎರಡು ದಿನ ಬಿಟ್ಟು ಚಂದ್ರಮ್ಮ ಬಸ್ಸಿನಲ್ಲಿ ಬಂದಿಳಿದರು. ತಿಪಟೂರಿನಲ್ಲಿ ಬೇರೆ ಏನೋ ಕೆಲಸವಿತ್ತಂತೆ. ಜುಬೇದಾಗೆ ನಾಲ್ಕು ಎಳನೀರು ಕೊಟ್ಟು ಹೋಗೋಣ ಅಂತ ಬಂದೆ ಅಂದರು, ಆದರೆ ಕೂತವರು ಏಳಲಿಲ್ಲ. ಜುಬೇದಾ ಟೀ ಕೊಟ್ಟು, "ಅದೇನಮ್ಮ ಬಣವೆ ಕತೆ?" ಅಂತ ಕೆದಕಿದಳು. ನನ್ನ ಹೆಂಡತಿಗೆ ಇಂಥದ್ದರಲ್ಲಿ ನಾಚಿಕೆ ಇಲ್ಲ. ಅದಕ್ಕೇ ನಾನು ಬದುಕಿದೆ ಅಂತ ಇಟ್ಟುಕೊಳ್ಳಿ.

"ಅಯ್ಯೋ, ಅದನ್ನೇನ್ ಕೇಳ್ತೀಯವ್ವ," ಅಂತ ಚಂದ್ರಮ್ಮ ಶುರು ಮಾಡಿದರು. "ತುರುವೇಕೆರೇಲಿ ನೆಂಟರ ಮದ್ವೆ. ನಾನು ಹೊರಟಿದ್ನೆ, ರೇವಣ್ಣ ಹಿಂದ್ಗಡೆ ಐದಾರು ಮೂಟೆ ಕಾಯಿ ಹೇರ್ಬುಟ್ಟ. ಹೆಂಗೂ ಹೋಗ್ತೀಯಲ್ಲ ಅತ್ಗೆ, ಬರೋವಾಗ ಅಲ್ಲೇ ಅಂಗಡೀಲಿ ಇಳಿಸ್ಬುಟ್ಟು ಬಾ ಅಂತ. ಆಯ್ತು ಅಂದೆ. ಹೋಗೋವಾಗ ಗಾಡಿ ಅಂದ್ರೆ ಗಾಡಿ ಕಣವ್ವ, ನೆಟ್ಟಗೆ ಹೋಯ್ತು. ಮದ್ವೆ ಮನೆ ಮುಂದೆ ನಿಲ್ಲಿಸಿ ಒಳಗೋಗಿ ಅಕ್ಷತೆ ಹಾಕಿ ಬತ್ತೀನಿ, ಹೆಣ್ಣಿನ ಕಡೆ ಹೈಕ್ಳೆಲ್ಲ ಮೂಟೆ ಹೊತ್ಕಂಡು ಉಗ್ರಾಣಕ್ಕೆ ಹೋಯ್ತಾವ್ರೆ. ಹೆಣ್ಣಿನ ಅಪ್ಪ ಬಂದು ನನ್ ಕೈ ಹಿಡ್ಕಂಡು, ಚಂದ್ರಕ್ಕ ಇಷ್ಟೊಂದ್ ಕಾಯಿ ತಂದಿದೀಯ, ನಿನ್ ಋಣ ಎಂಗೆ ತೀರಿಸ್ಲಿ ಅಂತ ಅಳಕ್ಕೇ ಶುರು ಮಾಡ್ದ."

ಜುಬೇದಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಮತ್ತೆ? ಕಾಯಿ ವಾಪಸ್ ಕೊಟ್ರಾ?"

"ಅತ್ಕಂಡು ನಿಂತಿರೋ ಮನುಷ್ಯನ್ನ ನಮ್ ಕಾಯಿ ಕೊಡಪ್ಪ ಅಂತ ಕೇಳಕ್ಕಾಯ್ತದಾ? ಬರೀ ಗಾಡಿ ಓಡಿಸ್ಕಂಡು ಬಂದೆ. ದಾರಿಯುದ್ದಕ್ಕೂ ಅಲೀತು. ಊರ ಹತ್ರ ತಿರುವಿನಾಗೆ ಬಣವೆಗೆ ಹೋಯ್ತು. ಹೋಗೋವಾಗ ನೆಟ್ಟಗೆ ಹೋದೋಳು ಬರೋವಾಗ ಸೊಟ್ಟಗೆ ಬಂದ್ಲಲ್ಲ, ಮದ್ವೆ ಮನೇಲಿ ಹೋಳಿಗೆ ಜಾಸ್ತಿಯಾಗಿ ತೂಕಡಿಸಿದ್ಲು ಅಂತ ಊರೆಲ್ಲ ಆಡ್ಕಂಡ್ರು."

ನಾನು ಕೂತಲ್ಲಿಂದ ಎದ್ದೆ. ಮಂಡಿ ನೋವೂ ನೆನಪಾಗಲಿಲ್ಲ. ಕಾಯಿ ಇದ್ದಾಗ ನೆಟ್ಟಗೆ, ಕಾಯಿ ಇಳಿದ ಮೇಲೆ ಸೊಟ್ಟಗೆ. ನಾನು ಓಡಿಸಿ ನೋಡಿದ್ದೂ ಕಾಯಿ ತುಂಬಿದ್ದ ಗಾಡಿ. "ರೇವಣ್ಣ ಖಾಲಿ ಗಾಡಿ ಓಡಿಸ್ತಾನಾ ಅಮ್ಮ?" ಅಂದೆ.

ಚಂದ್ರಮ್ಮ ಯೋಚಿಸಿದರು. "ಅವ್ನೆಲ್ಲಿ ಓಡಿಸ್ತಾನೆ? ಹೋಗೋವಾಗ ಕಾಯಿ, ಬರೋವಾಗ ಹಿಂಡಿ, ಬೂಸ, ಗೊಬ್ಬರ. ಬರೀ ಗಾಡಿ ತಂದ್ರೆ ಅವ್ನಿಗೆ ನಿದ್ದೆ ಬರಾಕಿಲ್ಲ."

ನಾನು ಗಹಗಹಿಸಿ ನಕ್ಕೆ. ಚಂದ್ರಮ್ಮ ಅರ್ಥವಾಗದೆ ಜುಬೇದಾಳ ಮುಖ ನೋಡಿದರು. ಅವಳು, "ಹಿಂಗೇ ಇರ್ತಾರಮ್ಮ, ಸ್ವಲ್ಪ ಹೊತ್ತು ಬುಟ್ರೆ ಸರಿಹೋಯ್ತಾರೆ," ಅಂದಳು.

ಇದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು, ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಸೈಕಲ್ ನೋಡಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕು ನೆಟ್ಟಗೆ ನಿಂತಿಲ್ಲ, ಅದರ ತಲೆ ಸವಾರನ ಕಡೆಗೆ, ಹಿಂದಕ್ಕೆ ವಾಲಿದೆ. ಅದಕ್ಕೇ ಹುಡುಗರು ಕೈಬಿಟ್ಟು ತುಳಿದರೂ ಸೈಕಲ್ ತಾನಾಗಿ ನೆಟ್ಟಗೆ ಹೋಗುತ್ತದೆ. ಜೀಪಿನ ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕಿಂಗ್ ಪಿನ್ನೂ ಹಾಗೇ ತಲೆ ಹಿಂದಕ್ಕೆ ವಾಲಿಸಿಕೊಂಡಿರಬೇಕು. ಪುಸ್ತಕದಲ್ಲಿ ಇದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ನಮ್ಮ ಉಸ್ತಾದರು ಗತ್ತು ಅನ್ನುತ್ತಿದ್ದರು. "ಮುಂದಿನ ಚಕ್ರಕ್ಕೆ ಗತ್ತಿರ್ಬೇಕು ಕಣ್ಲಾ. ಗತ್ತಿರೋನು ಎದೆ ಮುಂದೆ ತಲೆ ಹಿಂದೆ ಮಾಡ್ಕಂಡು ನೆಟ್ಟಗೆ ನಡೀತಾನೆ. ಗತ್ತಿಲ್ದೋನು ಬಗ್ಗಿ ನೆಲ ನೋಡ್ಕಂಡು ಅಲೀತಾನೆ." ಆ ಜೀಪಿಗೆ ಸ್ಪ್ರಿಂಗಿನ ಮುಂದಿನ ತುದಿಯಲ್ಲಿ ಉದ್ದ ಷೆಕಲ್ ಹಾಕಿದಾಗ ಸ್ಪ್ರಿಂಗು ಮುಂದಕ್ಕೆ ಮುಗ್ಗರಿಸಿತು, ಅದರ ಜೊತೆ ಆಕ್ಸಲ್ಲೂ ಮುಂದಕ್ಕೆ ಉರುಳಿತು, ಗತ್ತು ಹೋಯಿತು. ಹಿಂದೆ ಕಾಯಿ ಮೂಟೆ ಹೇರಿದರೆ ಬಾಲ ಕೂರುತ್ತದೆ, ಮೂತಿ ಏಳುತ್ತದೆ, ಹೋಗಿದ್ದ ಗತ್ತು ಅರ್ಧ ವಾಪಸ್ ಬರುತ್ತದೆ. ಕಾಯಿ ಇಳಿಸಿದರೆ ಗತ್ತೂ ಇಳಿಯಿತು. ಮೈದುನ, ಅತ್ತಿಗೆ ಇಬ್ಬರೂ ಸುಳ್ಳು ಹೇಳಿರಲಿಲ್ಲ, ಇಬ್ಬರೂ ಬೇರೆ ಬೇರೆ ಗಾಡಿ ಓಡಿಸುತ್ತಿದ್ದರು, ಅಷ್ಟೇ.

ಇದಕ್ಕೆ ಮದ್ದು ಬೆಣೆ. ಗುದ್ದಲಿ ಕಾವು ಸಡಿಲವಾದರೆ ಹೊಡೆಯುತ್ತೇವಲ್ಲ, ಅಂಥದ್ದೇ, ಆದರೆ ಕಬ್ಬಿಣದ್ದು, ಒಂದು ತುದಿ ದಪ್ಪ ಒಂದು ತುದಿ ತೆಳು. ಸ್ಪ್ರಿಂಗಿಗೂ ಅದರ ಮೇಲೆ ಕೂತ ಆಕ್ಸಲ್ಲಿಗೂ ನಡುವೆ ಇಟ್ಟರೆ ಆಕ್ಸಲ್ಲು ಹಿಂದಕ್ಕೆ ವಾಲುತ್ತದೆ. ಲೇತ್ ಅಂಗಡಿಯಲ್ಲಿ ಒಂದು ಜೊತೆ ಮಾಡಿಸಿದೆ. ಶುಕ್ರವಾರ ಬೆಳಿಗ್ಗೆಯೇ ಬೆಣೆ, ಜಾಕು, ಡಬ್ಬ, ಒಂದು ಮೂಟೆ ರಂಗೋಲಿ ಪುಡಿ ತೆಗೆದುಕೊಂಡು ಆಟೋದಲ್ಲಿ ಅವರ ಊರಿಗೆ ಹೋದೆ.

ಊರ ಪಕ್ಕದಲ್ಲಿ ಒಣಗಿದ ಕೆರೆ, ಅಂಗಳ ಚಪಾತಿ ಮಣೆಯ ಹಾಗೆ ಸಮವಾಗಿತ್ತು. ಚಿಕ್ಕನಾಯಕನಹಳ್ಳಿಯವರು ಆಗಲೇ ಬೈಕಿನಲ್ಲಿ ಬಂದು ಏರಿಯ ಮೇಲೆ ನಿಂತಿದ್ದರು. ರೇವಣ್ಣ ಮಂಡಿಗೆಂದು ಹೇರಿದ್ದ ಕಾಯಿ ಮೂಟೆಗಳನ್ನು ನಾನು ಹಟ ಮಾಡಿ ಇಳಿಸಿ ಹುಣಸೆ ಮರದ ಕೆಳಗೆ ಹಾಕಿಸಿದೆ. ಬಾಲಕ್ಕೆ ಡಬ್ಬ ಕಟ್ಟಿದೆ. "ರೇವಣ್ಣ, ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಓಡಿಸಪ್ಪ," ಅಂದೆ.

"ಅದೇನ್ ದೊಡ್ಡ ವಿಷ್ಯ?" ಅಂದವನು ಹತ್ತಿ ಹೊರಟ. ಅರ್ಧ ದಾರಿಗೆ ಅವನ ಮೊಣಕೈ ಎರಡೂ ಹುಂಜದ ರೆಕ್ಕೆಯ ಹಾಗೆ ಬಡಿದುಕೊಳ್ಳುವುದು ಏರಿಯ ಮೇಲಿಂದಲೇ ಕಾಣುತ್ತಿತ್ತು. ಅವನ ಹಿಂದೆ ಕೆರೆ ಅಂಗಳದಲ್ಲಿ ಉದ್ದನೆಯ ಬಿಳಿ ಹಾವು ಮಲಗಿತ್ತು. ಇಳಿದು ಬಂದು ಅದನ್ನು ನೋಡಿದ, ಡಬ್ಬ ನೋಡಿದ, ನನ್ನನ್ನು ನೋಡಿದ. "ಇದ್ಯಾಕಣ್ಣ ಹಿಂಗೆ?" ಅಂದ. ಮುಖ ಬಿಳಿಚಿಕೊಂಡಿತ್ತು. ಚಂದ್ರಮ್ಮ, "ಹೋಳಿಗೆ ಜಾಸ್ತಿಯಾಗಿರ್ಬೇಕು ಕಣಪ್ಪ," ಅಂದರು. ಏರಿಯ ಮೇಲೆ ಸೇರಿದ್ದವರೆಲ್ಲ ಹೋ ಅಂತ ನಕ್ಕರು.

ನನಗೂ ಆ ನಗು ಏರಿತು. ಅದೇ ಹುರುಪಿನಲ್ಲಿ ಹುಣಸೆ ಮರದ ನೆರಳಿಗೆ ಗಾಡಿ ತರಿಸಿ, ಜಾಕ್ ಏರಿಸಿ, ಕೆಳಗೆ ಮಲಗಿ, ಹರಟೆ ಕೊಚ್ಚಿಕೊಂಡು ಬೋಲ್ಟ್ ಸಡಿಲಿಸಿ ಬೆಣೆ ತೂರಿಸಿದೆ. ಬೆಣೆಯ ದಪ್ಪ ತುದಿ ಮುಂದಕ್ಕಿರಬೇಕು. ನಾನು ತಲೆಯನ್ನು ಗಾಡಿಯ ಬಾಲದ ಕಡೆಗೆ ಹಾಕಿಕೊಂಡು ಮಲಗಿದ್ದೆ, ನನ್ನ ತಲೆ ಇರುವ ಕಡೆಯೇ ಮುಂದೆ ಅಂದುಕೊಂಡುಬಿಟ್ಟೆ. ಎರಡೂ ಬೆಣೆ ಉಲ್ಟಾ ಕೂತವು. ಬೋಲ್ಟ್ ಬಿಗಿದು, ಕೈ ಒರೆಸಿಕೊಂಡು, ಮಂತ್ರಿಗಳ ಹಾಗೆ ಎದ್ದು ನಿಂತು, "ಹೋಗಮ್ಮ ಈಗ, ತೋರಿಸು," ಅಂದೆ.

ಚಂದ್ರಮ್ಮ ಹೊರಟರು. ಇದ್ದ ಅಷ್ಟೋ ಇಷ್ಟೋ ಗತ್ತನ್ನೂ ನಾನು ಕಿತ್ತುಹಾಕಿದ್ದೆನಲ್ಲ, ಜೀಪು ಮೆತ್ತಗೆ ಹೋಗುತ್ತಿದ್ದರೂ ಬಲಕ್ಕೆ ಹೋಗಿ, ಎಡಕ್ಕೆ ಬಂದು, ಒಂದು ಸುತ್ತು ತಿರುಗಿ, ತಾನು ಹಾಕಿದ ಗೆರೆಯನ್ನು ತಾನೇ ದಾಟಿ ನಿಂತಿತು. ಇಳಿದು ಬಂದವರು ಸೊಂಟದ ಮೇಲೆ ಕೈಯಿಟ್ಟು, "ಸಾಬ್ರೇ, ಮೊದ್ಲು ಹಾವಿತ್ತು, ಈಗ ಜಿಲೇಬಿ ಆಯ್ತು," ಅಂದರು. ಚಿಕ್ಕನಾಯಕನಹಳ್ಳಿಯವರು ಜಿಲೇಬಿಯನ್ನು ಒಂದು ಸಲ ತಲೆಯಿಂದ ಬಾಲದವರೆಗೆ ನೋಡಿ, ಬೈಕ್ ಸ್ಟಾರ್ಟ್ ಮಾಡಿಕೊಂಡು ಹೊರಟೇಹೋದರು.

ರೇವಣ್ಣನಿಗೆ ಈಗ ಕೋಪ ಬಂತು. "ಕೊಳ್ಳೋರೂ ಓಡೋದ್ರು. ಇನ್ನು ಇದನ್ನ ಗುಜರಿಗೆ ಹಾಕೋದೇ. ನಾಳೆನೇ ಹಾಕ್ತೀನಿ," ಅಂದ. ಜನರ ನಗು ನಿಂತಿತು. ಚಂದ್ರಮ್ಮ ಜೀಪಿನ ಮುಂದಿನ ಬಾನೆಟ್ಟಿಗೆ ಕೈಯಿಟ್ಟು ನಿಂತುಬಿಟ್ಟರು, ಹಸುವಿನ ಹಣೆ ಮುಟ್ಟಿ ನಿಲ್ಲುವ ಹಾಗೆ. "ಇನ್ನೊಂದ್ ಸಲ ನೋಡಿ ಸಾಬ್ರೇ. ಆಮೇಲೆ ಅವ್ನು ಹೇಳ್ದಂಗೇ ಆಗ್ಲಿ," ಅಂದರು.

ನಾನು ಬಾಯಿ ಮುಚ್ಚಿಕೊಂಡು ಕೆಳಗೆ ತೂರಿದೆ. ಬೆಣೆಯ ದಪ್ಪ ಹಿಂದಿರುವುದನ್ನು ಕಂಡ ಕೂಡಲೇ ಮಾಯಸಂದ್ರದ ಗೌಡರೂ ಉಸ್ತಾದರ ನಗುವೂ ಒಟ್ಟಿಗೆ ನೆನಪಾಗಿ ಜೀಪಿನ ಕೆಳಗೇ ಒಬ್ಬನೇ ನಕ್ಕೆ. ಮೇಲೆ ನಿಂತವರಿಗೆ ಗಾಬರಿಯಾಗಿರಬೇಕು. ಈ ಸಲ ರೇಡಿಯೇಟರ್ ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ, ಆ ಕಡೆಗೆ ದಪ್ಪ ತುದಿ ಇಟ್ಟು, ಗಟ್ಟಿಯಾಗಿ ಬಿಗಿದೆ. ನೀವೂ ಹಾಗೇ ಮಾಡಿ, ಮುಂದೆ ಹಿಂದೆ ಅನ್ನುವುದನ್ನು ನಿಮ್ಮ ತಲೆಯಿಂದ ಅಳೆಯಬೇಡಿ, ರೇಡಿಯೇಟರ್ ಮುಟ್ಟಿ. ಹೀಗೆ ಬೆಣೆ ಇಟ್ಟರೆ ನಾಲ್ಕೂ ಚಕ್ರದ ಗೇರು ಹಾಕಿದಾಗ ಮುಂದಿನ ಶಾಫ್ಟು ಸ್ವಲ್ಪ ಗೊಣಗುತ್ತದೆ, ಅದನ್ನೂ ಗಿರಾಕಿಗೆ ಮೊದಲೇ ಹೇಳಿಬಿಡಿ.

ಡಬ್ಬವನ್ನು ಬಾಯಿಮಟ್ಟ ತುಂಬಿಸಿದೆ. ಚಂದ್ರಮ್ಮ ಹತ್ತಿ ಕೂತರು. ಹೆಗಲ ಮೇಲಿದ್ದ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರು. ಗಾಡಿ ಹೊರಟಿತು. ಅಂಗಳದ ನಡುವೆ ಬಿಳಿ ಗೆರೆ ಬೆಳೆಯುತ್ತಾ ಹೋಯಿತು. ಹಾವಿನ ಪಕ್ಕದಲ್ಲಿ, ಜಿಲೇಬಿಯ ಪಕ್ಕದಲ್ಲಿ, ದಾರ ಹಿಡಿದು ಎಳೆದ ಹಾಗೆ. ಅರ್ಧದಲ್ಲಿ ಅವರು ಎರಡೂ ಕೈ ಬಿಟ್ಟು ಮೇಲಕ್ಕೆತ್ತಿ ತೋರಿಸಿದರು, ಗೆರೆ ಹಾಗೇ ಹೋಯಿತು. ನನಗೆ ಕುಣಿಯಬೇಕು ಅನ್ನಿಸಿತು, ಮಂಡಿ ಬೇಡ ಅಂದಿತು.

ಅಂಗಳದ ಆ ತುದಿಗೆ ಹೋದವರು ತಿರುಗಿ ಬರುತ್ತಾರೆ ಅಂತ ಕಾದೆವು. ಅವರು ಏರಿ ಹತ್ತಿದರು. ಹತ್ತಿದವರು ತುರುವೇಕೆರೆ ರಸ್ತೆಗೆ ತಿರುಗಿದರು. "ಅತ್ಗೇ," ಅಂತ ರೇವಣ್ಣ ಕೂಗಿದ. ದೂರದಿಂದ "ಏಯ್ ಸರಿಯಪ್ಪಾ" ಅನ್ನುವುದೊಂದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಸ್ವಲ್ಪ ಹೊತ್ತು ಕಾದು, ಕಾಯಿ ಮೂಟೆಗಳನ್ನು ಊರವರಿಗೆ ನೋಡಿಕೊಳ್ಳಲು ಹೇಳಿ, ನಾನೂ ರೇವಣ್ಣನೂ ಅವನ ಮೊಪೆಡ್ ಹತ್ತಿ ಗೆರೆಯ ಹಿಂದೆ ಹೊರಟೆವು. ದಾರಿ ಕೇಳುವ ಪ್ರಮೇಯವೇ ಇರಲಿಲ್ಲ. ಗೆರೆ ರಸ್ತೆಯ ಎಡಕ್ಕೆ, ಅಂಚಿಗೆ ಒಂದೇ ಸಮನಾಗಿ ಹೋಗಿತ್ತು. ಬಣವೆಯ ತಿರುವಿನಲ್ಲಿ ಬಣವೆಯ ಕಡೆ ತಿರುಗಿಯೂ ನೋಡದೆ ಬಳಸಿ ಹೋಗಿತ್ತು. ಒಂದು ಕಡೆ ಮಾತ್ರ ದೊಡ್ಡದಾಗಿ ಬಲಕ್ಕೆ ಬಾಗಿತ್ತು. ರೇವಣ್ಣ ಆಸೆಯಿಂದ ಬ್ರೇಕ್ ಹಾಕಿ, "ನೋಡಣ್ಣ, ಇಲ್ಲಿ ಅಲೆದೈತೆ," ಅಂದ. ರಸ್ತೆ ಪಕ್ಕದಲ್ಲಿ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಇನ್ನೂ ಸಿಟ್ಟಿನಲ್ಲಿ ಕೊಕ್ಕೊಕ್ಕೋ ಅನ್ನುತ್ತಿತ್ತು. ಅವನು ಮೊಪೆಡ್ ಮುಂದಕ್ಕೆ ಬಿಟ್ಟ.

ಸುಮಾರು ದೂರ ಹೋದ ಮೇಲೆ ಗೆರೆ ತೆಳುವಾಗುತ್ತಾ ಬಂತು, ಆಮೇಲೆ ಚುಕ್ಕಿ ಚುಕ್ಕಿಯಾಯಿತು, ಒಂದು ಕವಲುದಾರಿಯ ಹತ್ತಿರ ನಿಂತೇಹೋಯಿತು. ಡಬ್ಬ ಖಾಲಿಯಾಗಿತ್ತು. ಎಡಕ್ಕೆ ಮಾಯಸಂದ್ರ, ಬಲಕ್ಕೆ ತುರುವೇಕೆರೆ, ಎರಡೂ ಕಡೆ ತೆಂಗಿನ ತೋಟ, ಜೀಪಿನ ಸುಳಿವಿಲ್ಲ. ರೇವಣ್ಣ ಮೊಪೆಡ್ ನಿಲ್ಲಿಸಿ, ನಾವು ಬಂದ ದಾರಿಯ ಕಡೆಗೆ ತಿರುಗಿ ನಿಂತು ಆ ಗೆರೆಯನ್ನು ಬಹಳ ಹೊತ್ತು ನೋಡಿದ.

"ನೆಟ್ಟಗೈತೆ ಕಣಣ್ಣ," ಅಂದ. ಆಮೇಲೆ ತಾನೇ ನಕ್ಕು, "ಕಾಯಿ ಹೊರಕ್ಕೆ ನಾನು ಬೇರೆ ಗಾಡಿ ನೋಡ್ಕತೀನಿ ಬುಡು," ಅಂದ.

ಚಂದ್ರಮ್ಮ ಸಂಜೆ ಹೊತ್ತಿಗೆ ಮನೆಗೆ ಬಂದರಂತೆ. ಪುಡಿ ಮುಗಿದ ಮೇಲೆ ಎಲ್ಲಿಗೆ ಹೋಗಿದ್ದಿರಿ ಅಂತ ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಇವತ್ತಿನವರೆಗೂ ಹೇಳಿಲ್ಲ.